ಪಂದ್ಯ ಅಪಾಯವಲ್ಲ ಎಂದ ಟ್ವೈನ್

ಮಾರ್ಕ್ ಟ್ವೈನನ ‘ಲೈಫ್ ಆನ್ ದಿ ಮಿಸಿಸಿಪ್ಪಿ’ (1883) ಓದಿದವರು ಅದರ ಹದಿನಾರನೆಯ ಅಧ್ಯಾಯವನ್ನು ಸುಲಭಕ್ಕೆ ಮರೆಯುವುದಿಲ್ಲ. ನ್ಯೂ ಆರ್ಲಿಯನ್ಸಿನ ದಂಡೆಯಲ್ಲಿ ಸಂಜೆಗೆ ಹೊರಡಲು ಸಾಲಾಗಿ ನಿಂತ ಸ್ಟೀಮ್‌ಬೋಟುಗಳು, ಆಕಾಶ ಮುಚ್ಚುವ ಕಪ್ಪು ಹೊಗೆ, ಓಡೋಡಿ ಬರುವ ಪ್ರಯಾಣಿಕರು, ಆಮೇಲೆ ಪಂದ್ಯ. ಅಧ್ಯಾಯದ ಕೊನೆಗೆ ದಾಖಲೆಗಳ ಪಟ್ಟಿಯೇ ಇದೆ. 1870ರಲ್ಲಿ ನ್ಯಾಚೆಜ್ ಹಡಗನ್ನು ಸೋಲಿಸಿದ ರಾಬರ್ಟ್ ಇ. ಲೀ, ನ್ಯೂ ಆರ್ಲಿಯನ್ಸಿನಿಂದ ಸೇಂಟ್ ಲೂಯಿಸಿಗೆ ತೆಗೆದುಕೊಂಡದ್ದು 3 ದಿನ, 18 ಗಂಟೆ, 14 ನಿಮಿಷ. ಹೋದ ಕಾಲದ ಹಂಬಲ ಎಂದು ವಿಮರ್ಶಕರು ಈ ಅಧ್ಯಾಯವನ್ನು ಬದಿಗಿಡುವುದುಂಟು. ನಾನೂ ಮೊದಲ ಓದಿನಲ್ಲಿ ಹಾಗೇ ಮಾಡಿದ್ದೆ.

ಆದರೆ ಈ ಸಂಭ್ರಮದ ನಡುವೆ ಟ್ವೈನ್ ಒಂದು ವಾದ ಹೂಡುತ್ತಾನೆ. ಪಂದ್ಯ ಅಪಾಯಕಾರಿ ಎಂದು ಜನ ತಿಳಿದಿದ್ದರು. ಉಗಿಯ ಒತ್ತಡಕ್ಕೆ ಕಾನೂನು ಮಿತಿ ಹಾಕಿದ ಮೇಲೆ ಅದು ನಿಜವಲ್ಲ. ಪಂದ್ಯದಲ್ಲಿ ಎಂಜಿನಿಯರನ ಮೈಯೆಲ್ಲ ಕಣ್ಣು. ನಿಜವಾದ ಅಪಾಯವಿರುವುದು ತೆವಳುವ ಹಡಗಿನಲ್ಲಿ. ಅಲ್ಲಿ ಅವನು ತೂಕಡಿಸುತ್ತಾನೆ, ನೀರಿನ ಪಂಪಿಗೆ ಕಸ ಸಿಕ್ಕಿಕೊಂಡು ಬಾಯ್ಲರು ಬತ್ತುತ್ತದೆ. ಓದುವಾಗ ಇದು ಹಳೆಯ ಪೈಲಟ್ ಒಬ್ಬನ ಜಂಬದ ಮಾತೆನಿಸುತ್ತದೆ.

ಈ ಅಧ್ಯಾಯ ಮೊದಲು ಅಚ್ಚಾದದ್ದು 1875ರಲ್ಲಿ, ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯ ಲೇಖನಮಾಲೆಯ ಭಾಗವಾಗಿ. ಎಂಟು ವರ್ಷಗಳ ನಂತರ ಪುಸ್ತಕವಾದಾಗ ಟ್ವೈನ್ ಅದರ ಬೆನ್ನಿಗೇ ಹೊಸ ಅಧ್ಯಾಯಗಳನ್ನು ಸೇರಿಸಿದ. ಅವುಗಳಲ್ಲಿ ಇಪ್ಪತ್ತನೆಯದು ತಮ್ಮ ಹೆನ್ರಿಯ ಸಾವಿನ ಕಥೆ. ಹೆನ್ರಿಗೆ ‘ಪೆನ್ಸಿಲ್ವೇನಿಯಾ’ ಹಡಗಿನಲ್ಲಿ ಕೆಲಸ ಕೊಡಿಸಿದವನು ಟ್ವೈನನೇ. ಪೈಲಟನೊಂದಿಗೆ ಜಗಳವಾಗಿ ಅವನು ದಡದಲ್ಲಿ ಉಳಿದ. ಹಡಗು ತಮ್ಮನನ್ನು ಹೊತ್ತು ಹೊರಟಿತು. 1858ರ ಜೂನ್ ತಿಂಗಳ ಬೆಳಗು. ಸೌದೆಯ ದೋಣಿಯೊಂದನ್ನು ಎಳೆದುಕೊಂಡು, ಅರೆ ಉಗಿಯಲ್ಲಿ ಹಡಗು ತೆವಳುತ್ತಿತ್ತು. ಪೂರ್ಣ ವೇಗಕ್ಕೆಂದು ಗಂಟೆ ಹೊಡೆದ ಮರುಕ್ಷಣ ಎಂಟು ಬಾಯ್ಲರುಗಳಲ್ಲಿ ನಾಲ್ಕು ಸಿಡಿದವು. ಕೆಲವು ದಿನಗಳ ಬಳಿಕ ಹೆನ್ರಿ ಮೆಂಫಿಸ್‌ನಲ್ಲಿ ತೀರಿಕೊಂಡ. ಅವನಿಗಾಗ ಹತ್ತೊಂಬತ್ತು.

ಈಗ ಹದಿನಾರಕ್ಕೆ ಮರಳಿ. ತೆವಳುವ ಹಡಗೇ ಅಪಾಯ ಎಂಬ ಮಾತು ಜಂಬವಾಗಿ ಉಳಿಯುವುದಿಲ್ಲ. ಅದನ್ನು ಹೇಳುತ್ತಿರುವವನು ತೆವಳುವ ಹಡಗಿನಲ್ಲಿ ತಮ್ಮನನ್ನು ಕಳೆದುಕೊಂಡವನು. ಪತ್ರಿಕೆಯ ಓದುಗರಿಗೆ ಆ ಕಥೆ ಸಿಕ್ಕಿರಲಿಲ್ಲ. ಪುಸ್ತಕದಲ್ಲೂ ಟ್ವೈನ್ ಎರಡನ್ನೂ ಜೋಡಿಸಿ ತೋರಿಸುವುದಿಲ್ಲ. ವಾದವನ್ನೂ ಸಾವನ್ನೂ ನಾಲ್ಕು ಅಧ್ಯಾಯಗಳ ಅಂತರದಲ್ಲಿ ಇಟ್ಟು ಸುಮ್ಮನಾಗುತ್ತಾನೆ. ಆ ಮೌನವೇ ಪುಸ್ತಕದ ಅತ್ಯಂತ ಪ್ರಾಮಾಣಿಕ ಜಾಗ ಎಂದು ನನಗನ್ನಿಸುತ್ತದೆ.

ಹಾಗೆಂದು ವಾದ ಪೂರ್ತಿ ಗೆಲ್ಲುವುದಿಲ್ಲ. ಅದರ ಕೇಂದ್ರದಲ್ಲಿರುವವನು ಎಚ್ಚರದ ಎಂಜಿನಿಯರ್. ಅದೇ ಅಧ್ಯಾಯದಲ್ಲಿ ಕಪ್ಪು ಜನಾಂಗದ ಡೆಕ್ ಕೆಲಸಗಾರರು ಕಾಣಿಸುವುದು ಮಾತ್ರ ಹಾಡುವ ಮೇಳವಾಗಿ. ಬಾಯ್ಲರು ಸಿಡಿದರೆ ಯಾರ ಸಾವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಅದಕ್ಕೆ ಉತ್ತರ ಬಂದದ್ದು ಮುಂದಿನ ಕಾದಂಬರಿಯಲ್ಲಿ. ‘ಹಕಲ್‌ಬರಿ ಫಿನ್’ನಲ್ಲಿ ಹಕ್ ಸ್ಟೀಮ್‌ಬೋಟಿನ ಎಂಜಿನ್ ಸಿಡಿದ ಕಟ್ಟುಕಥೆಯೊಂದನ್ನು ಸ್ಯಾಲಿ ಅತ್ತೆಗೆ ಹೇಳುತ್ತಾನೆ. ಯಾರಿಗಾದರೂ ಪೆಟ್ಟಾಯಿತೇ ಎಂದು ಆಕೆ ಕೇಳುತ್ತಾಳೆ. ಇಲ್ಲ, ಒಬ್ಬ ಕಪ್ಪು ಮನುಷ್ಯ ಸತ್ತ ಎನ್ನುತ್ತಾನೆ ಹಕ್. ಸದ್ಯ, ಕೆಲವೊಮ್ಮೆ ಜನರಿಗೆ ಪೆಟ್ಟಾಗುವುದೂ ಉಂಟು ಎಂದು ಆ ಒಳ್ಳೆಯ ಹೆಂಗಸು ನಿಟ್ಟುಸಿರಿಡುತ್ತಾಳೆ. ಕೆಲವೇ ಸಾಲುಗಳು. ಹದಿನಾರನೆಯ ಅಧ್ಯಾಯದ ದಾಖಲೆಗಳ ಪಟ್ಟಿಯಲ್ಲಿ ನಿಮಿಷಗಳಿಗೂ ಜಾಗವಿತ್ತು. ಅಲ್ಲಿ ಜಾಗ ಸಿಗದವನೊಬ್ಬ ಇಲ್ಲಿ, ಒಂದು ಸುಳ್ಳಿನೊಳಗೆ, ಕೊನೆಗೂ ಕಾಣಿಸಿಕೊಳ್ಳುತ್ತಾನೆ.