ಅದುರುವ ರೆಪ್ಪೆಗೆ ನಮ್ಮೂರಿನ ಮದ್ದು

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಾಗಲಿ, ಬೇಲೂರಿನ ಬಸ್ ನಿಲ್ದಾಣದಲ್ಲಾಗಲಿ, ‘ಕಣ್ಣು ಅದುರ್ತಿದೆ’ ಎಂದರೆ ಮೊದಲು ಬರುವ ಪ್ರಶ್ನೆ ‘ಎಡಗಣ್ಣೋ, ಬಲಗಣ್ಣೋ?’ ಗಂಡಸರಿಗೆ ಬಲ ಒಳ್ಳೆಯದು, ಹೆಂಗಸರಿಗೆ ಎಡ, ಅದಲುಬದಲಾದರೆ ಕೇಡು. ಲೆಕ್ಕ ಬಹಳ ಹಳೆಯದು. ವಾಲ್ಮೀಕಿಯ ಸುಂದರಕಾಂಡದಲ್ಲಿ ಅಶೋಕವನದ ಸೀತೆಗೆ ಎಡಗಣ್ಣು ಅದುರಿ ಶುಭ ಸೂಚಿಸುತ್ತದೆ. ಕಾಳಿದಾಸನ ಶಕುಂತಲೆ ದುಷ್ಯಂತನ ಮುಂದೆ ನಿಲ್ಲುವ ಹೊತ್ತಿಗೆ ಅದುರುವುದು ಬಲಗಣ್ಣು. ಕಾವ್ಯಕ್ಕೆ ಇದು ಸೊಗಸು. ಬರಲಿರುವುದನ್ನು ಪಾತ್ರದ ಮೈಯೇ ಮೊದಲು ಅರಿಯುತ್ತದೆ. ಮನೆಮದ್ದಿನ ಜಾಗದಲ್ಲಿ ಇದೇ ಲೆಕ್ಕ ಪೂರ್ತಿ ಸೋಲುತ್ತದೆ. ‘ರಾತ್ರಿ ನಿದ್ದೆ ಮಾಡಿದೆಯಾ?’ ಎಂದು ಯಾರೂ ಕೇಳುವುದೇ ಇಲ್ಲ. ಬಲಗಣ್ಣು ಅದುರಿದ ಹೆಣ್ಣುಮಗಳು ಏನು ಕೇಡು ಕಾದಿದೆಯೋ ಎಂದು ದಿನವಿಡೀ ಕಳವಳಪಡುತ್ತಾಳೆ. ಆ ಕಳವಳವೇ ಅದುರನ್ನು ಹೆಚ್ಚಿಸಬಲ್ಲದು.

ನಮ್ಮ ಹಳೆಯ ವೈದ್ಯ ಇದನ್ನು ಮೈಯ ತೊಂದರೆಯೆಂದೇ ಕಂಡಿತ್ತು. 76 ನೇತ್ರರೋಗಗಳನ್ನು ಎಣಿಸುವ ಸುಶ್ರುತ ಸಂಹಿತೆ ಅವುಗಳಲ್ಲಿ 21ನ್ನು ರೆಪ್ಪೆಗೇ ಸೇರಿಸಿದೆ. ರೆಪ್ಪೆ ಅತಿಯಾಗಿ ಬಡಿದುಕೊಳ್ಳುವ ‘ನಿಮೇಷ’ಕ್ಕೆ ಅದು ಹೇಳುವ ಕಾರಣ ವಾತ. ಇಂದಿನ ವೈದ್ಯರ ಪ್ರಕಾರ, ಕಣ್ಣನ್ನು ಸುತ್ತುವರಿದ ಸ್ನಾಯುವಿನ ಕೆಲವು ಎಳೆಗಳು ತಾವಾಗಿ ಸೆಳೆದುಕೊಳ್ಳುವುದರಿಂದ ರೆಪ್ಪೆ ಅದುರುತ್ತದೆ. ನಿದ್ದೆಗೇಡು, ಮನಸ್ಸಿನ ಒತ್ತಡ, ಅತಿಯಾದ ಕಾಫಿ, ಕಣ್ಣು ಒಣಗುವುದು, ಬಿಡದೆ ಮೊಬೈಲ್ ನೋಡುವುದು ಇದನ್ನು ಕೆರಳಿಸುತ್ತವೆ. ಸಾಮಾನ್ಯವಾಗಿ ಒಂದೇ ಕಣ್ಣಿನಲ್ಲಿ, ಹೆಚ್ಚಾಗಿ ಕೆಳರೆಪ್ಪೆಯಲ್ಲಿ ಕಾಣಿಸಿಕೊಂಡು, ಕೆಲವು ದಿನ ಇಲ್ಲವೇ ವಾರಗಳಲ್ಲಿ ತಾನೇ ನಿಲ್ಲುತ್ತದೆ.

ತಾನೇ ನಿಲ್ಲುವುದರಿಂದಲೇ ಎಲ್ಲ ಮದ್ದಿಗೂ ಹೆಸರು ಬಂದಿದೆ. ಹುಲ್ಲುಕಡ್ಡಿಯ ಚೂರಿಗೆ ಎಂಜಲು ಹಚ್ಚಿ ರೆಪ್ಪೆಗೆ ಅಂಟಿಸುವ ಮನೆಗಳಿವೆ. ಅದುರು ನಿಂತಾಗ ಕೀರ್ತಿ ಕಡ್ಡಿಗೆ, ಸೋಂಕು ತಗುಲಿದರೆ ಕಷ್ಟ ಕಣ್ಣಿಗೆ. ಇದನ್ನು ಬಿಡಲೇಬೇಕು. ಕಣ್ಣೊಳಗೆ ಹರಳೆಣ್ಣೆ ಬಿಡುವುದೂ ಬೇಡ. ಆದರೆ ನೆತ್ತಿಗೆ ಹರಳೆಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ‘ಸುಮ್ನೆ ಮಲಗು ಮಗಾ’ ಎನ್ನುವ ಅಜ್ಜಿಯ ಮದ್ದನ್ನು ನಾನು ಮನಸಾರೆ ಒಪ್ಪುತ್ತೇನೆ. ಎಣ್ಣೆಯ ಗುಣ ಏನೇ ಇರಲಿ, ಆ ದಿನ ಕಣ್ಣಿಗೆ ಸಿಗುವ ನಿದ್ದೆ ನಿಜವಾದ ಮದ್ದು. ಉಗುರುಬೆಚ್ಚಗಿನ ಒದ್ದೆ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲಿಡುವುದೂ ಹಿತ. ಬೇಲೂರಿನ ತೋಟದ ಸೀಮೆಯಲ್ಲಿ ಹೋದ ಮನೆಯಲ್ಲೆಲ್ಲ ಕಾಫಿ ಕೊಡುತ್ತಾರೆ. ಅದುರಿರುವಷ್ಟು ದಿನ ಎರಡನೆಯ ಲೋಟವನ್ನು ಬೇಡವೆನ್ನುವುದು ಕಷ್ಟವಾದರೂ ಮಾಡಬೇಕು. ಹಳೇಬೀಡಿನ ದೇವಾಲಯದ ಅಂಗಳದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡೇ ದಿನ ಕಳೆಯುವ ಗೈಡ್‌ಗಳಿಗೆ ಟೋಪಿ, ತಂಪು ಕನ್ನಡಕ ಬೇಕು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಳ್ಳುವ ಕಣ್ಣಿನ ಹನಿ. ಅದರಲ್ಲಿ ಸ್ಟೀರಾಯ್ಡ್ ಇದ್ದು, ತಿಂಗಳುಗಟ್ಟಲೆ ಬಿಟ್ಟುಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಕೆಲವು ದಿನ ಸಹಿಸಿದರೆ ಹೋಗುವ ತೊಂದರೆಗೆ ದೃಷ್ಟಿಯನ್ನೇ ಪಣಕ್ಕಿಡುವುದು ಅನ್ಯಾಯ.

ಶಕುನ ನಂಬಿ ಕೂತವರಿಗೆ ಇನ್ನೊಂದು ಅಪಾಯವಿದೆ. ಅದುರು ಕೆನ್ನೆಗೂ ಬಾಯಿಯ ಅಂಚಿಗೂ ಇಳಿದರೆ ಅದು ಮುಖದ ಅರ್ಧಭಾಗದ ಸೆಳೆತವಿರಬಹುದು. ಮಿದುಳಿನ ಬುಡದಲ್ಲಿ ರಕ್ತನಾಳವೊಂದು ಮುಖದ ನರವನ್ನು ಒತ್ತುವುದು ಇದಕ್ಕೆ ಸಾಮಾನ್ಯ ಕಾರಣ. ಎರಡೂ ಕಣ್ಣು ಬಲವಂತವಾಗಿ ಮುಚ್ಚಿಕೊಳ್ಳುವುದು ಬೇರೆಯೇ ಕಾಯಿಲೆ. ಎರಡಕ್ಕೂ ಬೊಟುಲಿನಮ್ ಚುಚ್ಚುಮದ್ದು ಇದೆ. ಅಮೆರಿಕ 1989ರಲ್ಲೇ ರೆಪ್ಪೆಯ ಸೆಳೆತಕ್ಕೆ ಅದನ್ನು ಒಪ್ಪಿತು; ಒಂದು ಸಲದ ಫಲ ಸುಮಾರು ಮೂರು ತಿಂಗಳು. ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಮಿಂಟೋ ಮತ್ತು ನಿಮ್ಹಾನ್ಸ್ ಇವೆ. ಕೆಲವು ವಾರ ಕಳೆದರೂ ಅದುರು ನಿಲ್ಲದಿದ್ದರೆ, ಕಣ್ಣು ಕೆಂಪಾದರೆ, ರೆಪ್ಪೆ ಜೋತುಬಿದ್ದರೆ, ಪಂಚಾಂಗ ಮುಚ್ಚಿಟ್ಟು ಕಣ್ಣಿನ ವೈದ್ಯರ ಬಳಿ ಹೋಗಿ.