ಬ್ಯಾಗಿಲ್ಲದ ಹತ್ತು ದಿನ

ಒಂಬತ್ತನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನಮ್ಮೂರ ಗಾರೆ ಮೇಸ್ತ್ರಿ ಜೊತೆ ಬಾಂಡ್ಲಿ ಹೊರೋಕೆ ಹೋಗ್ತಿದ್ದೆ. ಪಾಯದ ಮೂಲೆಯಿಂದ ದಾರ ಎಳೆದು, ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ಗುರುತು ಹಾಕಿ, ಅಡ್ಡ ಅಳತೆ ಸರಿಯಾಗಿ 5 ಅಡಿ ಬರೋವರೆಗೂ ಆತ ದಾರ ಸರಿಸೋನು. ಪೈಥಾಗೊರಸ್ ಪ್ರಮೇಯ ಓದಿದ್ದು ಮುಂದಿನ ವರ್ಷ. ಊರಲ್ಲಿ ಅದಕ್ಕೆ ಕೂಲಿ ಅಂತಿದ್ರು. ಮೇಷ್ಟ್ರ ಮುಂದೆ ಹೇಳೋಕೆ ನಾಚಿಕೆ.

ಈಗದು ಇಂಟರ್ನ್‌ಶಿಪ್. 6ರಿಂದ 8ನೇ ತರಗತಿ ಮಕ್ಕಳು 10 ದಿನ ಬ್ಯಾಗಿಲ್ಲದೆ ಬಡಗಿ, ಮಾಲಿ, ಕುಂಬಾರರ ಹತ್ತಿರ ಕಲಿಯಲಿ ಅನ್ನುತ್ತೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. (ಗಾರೆಯವನ ಹೆಸರಿಲ್ಲ, ಇರಲಿ.) 12ನೇ ತರಗತಿವರೆಗೂ, ರಜೆಯಲ್ಲೂ, ಇಂಥ ಅವಕಾಶ ಕೊಡಬಹುದಂತೆ. ಉದ್ದೇಶದ ಬಗ್ಗೆ ತಕರಾರಿಲ್ಲ, ಲೆಕ್ಕದ ಬಗ್ಗೆ ಇದೆ. ಇವತ್ತು ಕಟ್ಟಿದ ಗೋಡೆಗೇ ಒಂದು ವಾರ ನೀರು ಹಾಕ್ಬೇಕು. ಹತ್ತು ದಿನದಲ್ಲಿ ಹುಡುಗ ರಸಮಟ್ಟದ ಗುಳ್ಳೆ ನೋಡಿ ಬರಬಹುದು, ಕರಣೆ ಕೈಗೆ ಕೂರಲ್ಲ.

ಹಾಗಂತ ಹೈಸ್ಕೂಲ್ ಮಕ್ಕಳನ್ನ ತಿಂಗಳುಗಟ್ಟಲೆ ಸೈಟಿಗೆ ಕಳಿಸೋಣವೇ? ಕಟ್ಟಡ ಕಾರ್ಮಿಕ ಫಲಾನುಭವಿಯಾಗಿ ನೋಂದಾಯಿಸೋಕೆ 18 ತುಂಬಿರಬೇಕು. ಸಾರುವೆಯಿಂದ ಹುಡುಗ ಬಿದ್ರೆ ಕಲ್ಯಾಣ ಮಂಡಳಿಯ ಪುಸ್ತಕದಲ್ಲಿ ಅವನ ಹೆಸರೇ ಇರಲ್ಲ.

ನಮ್ಮ ಆಫೀಸಲ್ಲಿ ಇಂಟರ್ನ್‌ಗೆ ಕಲಿಸೋ ಗಂಟೆಗೂ ನನಗೆ ಸಂಬಳ ಬರುತ್ತೆ. ಕೆಲಸ ನಿಲ್ಲಿಸಿ ಮಕ್ಕಳಿಗೆ ತೋರಿಸೋ ಮೇಸ್ತ್ರಿಯ ಅವತ್ತಿನ ಕೂಲಿ ಯಾರು ಕೊಡ್ತಾರೆ? ಪೂರ್ತಿ ದಿನಗೂಲಿ ಕೊಟ್ಟು ಆತನನ್ನೇ ಶಾಲೆಯ ಅಂಗಳಕ್ಕೆ ಕರೀರಿ, ವಾರಕ್ಕೊಂದು ದಿನ, ವರ್ಷವಿಡೀ. ಮಕ್ಕಳು ಸೊಂಟದೆತ್ತರದ ಗೋಡೆ ಕಟ್ಟಲಿ. ತೂಗುಗುಂಡು ಬಿಟ್ಟಾಗ ಓರೆ ಕಂಡ್ರೆ ಕೆಡವಿ ಮತ್ತೆ ಕಟ್ಟಲಿ.