ಕಮೋಡಿನ ಆಯ್ಕೆ ಮತ್ತು ಲೀಟರಿನ ಲೆಕ್ಕ

ಮನೆಗೆ ನೀರುಳಿಸುವ ಕಮೋಡನ್ನು ಆರಿಸುವವರು ಸಾಮಾನ್ಯವಾಗಿ ಲೀಟರಿನ ಅಂಕಿಯೊಂದನ್ನೇ ನೋಡುತ್ತಾರೆ. ಆದರೆ ಆ ಅಂಕಿಯಿಂದ ಒಂದು ಫ್ಲಶ್‌ಗೆ ಟ್ಯಾಂಕಿನಿಂದ ಎಷ್ಟು ನೀರು ಇಳಿಯುತ್ತದೆಂಬುದು ತಿಳಿಯುತ್ತದೆಯೇ ಹೊರತು, ಅಷ್ಟು ನೀರಿಗೆ ಮಲ ಪೂರ್ತಿ ಸಾಗಿಹೋಗುವುದೇ ಎಂಬುದು ತಿಳಿಯುವುದಿಲ್ಲ. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಬೇಕೆಂದು ಎಣಿಸುವ ಭಾರತೀಯ ಮಾನದಂಡ ಅದರಲ್ಲಿ 45 ಲೀಟರನ್ನು ಫ್ಲಶ್‌ಗೇ ಎತ್ತಿಡುತ್ತದೆ. ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ಪಂಪುಗಳ ಬಲದಿಂದ ನೀರನ್ನು ಮೇಲೇರಿಸಿ, ಶುದ್ಧೀಕರಿಸಿ ತರುವ ಬೆಂಗಳೂರಿನಲ್ಲಿ ಆ ಮೂರನೆಯ ಒಂದು ಪಾಲು ಸಣ್ಣದೇನಲ್ಲ.

ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಮೂತ್ರಕ್ಕೆ 3, ಮಲಕ್ಕೆ 6 ಲೀಟರ್ ಬಿಡುವ ಡ್ಯುಯಲ್ ಫ್ಲಶ್. ಇದನ್ನು 1980ರಲ್ಲಿ ಆಸ್ಟ್ರೇಲಿಯಾದ ಕರೋಮಾ ಕಂಪನಿಗಾಗಿ ಬ್ರೂಸ್ ಥಾಂಪ್ಸನ್ ರೂಪಿಸಿದಾಗ ಅದರ ಅಳತೆ 5.5 ಮತ್ತು 11 ಲೀಟರ್ ಆಗಿತ್ತು. ಮುಂದೆ ಅದನ್ನು ಇಳಿಸಲು ಟ್ಯಾಂಕನ್ನು ಕಿರಿದುಗೊಳಿಸಿದರೆ ಸಾಲದೆ, ಕಮೋಡಿನ ಒಳಮೈಯನ್ನೂ ಬದಲಿಸಬೇಕಾಯಿತು. ಅಮೆರಿಕದಲ್ಲಿ 1992ರ ಕಾನೂನು 6 ಲೀಟರಿನ ಮಿತಿ ಹೇರಿದ ಹೊಸತರಲ್ಲಿ ಹಲವು ಮಾದರಿಗಳು ಕಟ್ಟಿಕೊಂಡು, ಜನ ಎರಡೆರಡು ಸಲ ಫ್ಲಶ್ ಮಾಡುವಂತಾದದ್ದರಿಂದ ಉಳಿತಾಯವೇ ಕರಗಿತು. ಮಲದಂತೆಯೇ ಮೆತ್ತಗಿರುವ ಸೋಯಾಬೀನ್ ಪೇಸ್ಟಿನ ತುಂಡುಗಳನ್ನು ಹಾಕಿ, ಒಂದೇ ಫ್ಲಶ್‌ಗೆ ಎಷ್ಟು ಗ್ರಾಂ ಸಾಗುತ್ತದೆಂದು ಅಳೆಯುವ ಪರೀಕ್ಷೆ 2003ರ ಹೊತ್ತಿಗೆ ಬಂದದ್ದು ಈ ಹಿನ್ನೆಲೆಯಲ್ಲಿಯೇ. ಗ್ರಾಹಕನಿಗೆ ಲೀಟರಿಗಿಂತ ಈ ಗ್ರಾಮಿನ ಲೆಕ್ಕ ಹೆಚ್ಚು ಪ್ರಾಮಾಣಿಕವಾದದ್ದು. ನಮ್ಮ ಅಂಗಡಿಗಳಲ್ಲಿ ಅದನ್ನು ಕೇಳುವ ರೂಢಿ ಬೆಳೆಯಲೇಬೇಕು.

ಇದಕ್ಕಿಂತ ಗಂಭೀರವಾದ ಕೊರತೆಯೊಂದು ಟ್ಯಾಂಕಿನ ತಳದಲ್ಲಿದೆ. ಡ್ಯುಯಲ್ ಫ್ಲಶ್‌ನಲ್ಲಿ ನೀರನ್ನು ತಡೆದು ನಿಲ್ಲಿಸುವುದು ಒಂದು ರಬ್ಬರ್ ವಾಷರ್. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಅದರ ಅಂಚಿನಲ್ಲಿ ಕಟ್ಟಿಕೊಂಡರೆ, ಸದ್ದಿಲ್ಲದೆ, ಕಣ್ಣಿಗೂ ಬೀಳದಂತೆ ನೀರು ಹಗಲಿರುಳು ಜಿನುಗತೊಡಗುತ್ತದೆ. ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟಾಗ ಕಮೋಡಿನಲ್ಲಿ ಬಣ್ಣ ಕಂಡರೆ ಸೋರಿಕೆ ಖಚಿತ. ಆದ್ದರಿಂದ ಗೋಡೆಯೊಳಗೆ ಹುದುಗಿಸುವ ಟ್ಯಾಂಕನ್ನು ಚೆಂದಕ್ಕಾಗಿ ಆರಿಸುವವರು, ಅದರ ವಾಷರ್ ಊರಿನಲ್ಲೇ ಸಿಗುವುದೇ, ಮುಚ್ಚಳ ಬಿಚ್ಚಿ ಅದನ್ನು ಬದಲಿಸಬಹುದೇ ಎಂಬುದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ನೀರಿನ ಮಿತವ್ಯಯದಲ್ಲಿ ಇವೆಲ್ಲವನ್ನೂ ಮೀರಿಸುವುದು 1970ರಲ್ಲಿ ಬಿಂದೇಶ್ವರ ಪಾಠಕ್ ಸ್ಥಾಪಿಸಿದ ಸುಲಭ್ ಸಂಸ್ಥೆ ಬಳಕೆಗೆ ತಂದ, ಕೈಯಿಂದ ನೀರು ಸುರಿಯುವ ಶೌಚಾಲಯ. ಅದರ ಪ್ಯಾನಿನ ಇಳಿಜಾರು ಕಡಿದಾಗಿದೆ. ದುರ್ವಾಸನೆ ಮೇಲೇರದಂತೆ ಟ್ರ್ಯಾಪ್ ಎಂಬ ಬಾಗಿದ ಕೊಳವೆಯಲ್ಲಿ ನಿಲ್ಲುವ ನೀರಿನ ತಡೆ ಕೇವಲ 20 ಮಿಲಿಮೀಟರ್ ಆಳದ್ದು. ಹೀಗಾಗಿ 2 ಲೀಟರಿನೊಳಗೇ ಕೆಲಸ ಮುಗಿಯುತ್ತದೆ. ಆದರೆ ಅದು ಪಕ್ಕದಲ್ಲಿಯೇ ಇರುವ ಇಂಗುಗುಂಡಿಗಾಗಿ ರೂಪಿಸಿದ ವ್ಯವಸ್ಥೆ. ಉದ್ದನೆಯ ಪೈಪುಗಳ ಮೂಲಕ ಬೀದಿಯ ಒಳಚರಂಡಿಯವರೆಗೆ ಮಲ ತೇಲಿಹೋಗಬೇಕಾದ ಅಪಾರ್ಟ್‌ಮೆಂಟಿನಲ್ಲಿ ಅಷ್ಟು ನೀರು ಸಾಲದು; ಅಲ್ಲಿ ಪೈಪಿನ ಇಳಿಜಾರನ್ನು ಪ್ಲಂಬರ್ ಪರೀಕ್ಷಿಸದೆ 4 ಲೀಟರಿನ ಕಮೋಡನ್ನು ಕೂರಿಸುವುದೂ ಅವಸರದ ಕೆಲಸವೇ.